ಕೆಂಪು ಗೆರೆಯ ಸ್ಟೂಲು

ನಮ್ಮಪ್ಪ ವಿಮಾನಪುರದ ಕಡೆ ಒಂದು ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ಪರೀಕ್ಷೆ ಮಾಡುತ್ತಿದ್ದರು. ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ಅವರ ಕೆಲಸ. ಕೆಂಪು ಬಿತ್ತೆಂದರೆ ಅದರ ಕಥೆ ಮುಗಿಯಿತು. "ಮೇಲೆ ಹಾರಿದ್ಮೇಲೆ ತಪ್ಪು ಗೊತ್ತಾದ್ರೆ ಕೆಳಗಿಳಿದು ಸರಿ ಮಾಡ್ತೀಯಾ?" ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಆ ಮಾತು ಸರಿಯೇ. ಅದನ್ನು ಜೀವನ್ ಬಿಮಾ ನಗರದ ನಮ್ಮ ಮನೆಯೊಳಕ್ಕೂ ತಂದರಲ್ಲ, ಅದೇ ನನ್ನ ತಕರಾರು.

ನಾನು ಹೂ ಕಟ್ಟಲು ಕೂತರೆ ದಾರ ಜಾರಿದ ಕೂಡಲೇ "ಕೊಡಿಲ್ಲಿ". ಚಪಾತಿ ಲಟ್ಟಿಸುವಾಗ ಅಂಚು ಸೊಟ್ಟಗಾದ ಕೂಡಲೇ "ಕೊಡಿಲ್ಲಿ". ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಕೈಯಲ್ಲಿದ್ದದ್ದನ್ನು ಇಸಿದುಕೊಂಡು ತಾವೇ ಅಚ್ಚುಕಟ್ಟಾಗಿ ಮುಗಿಸಿಬಿಡುತ್ತಿದ್ದರು. ನೋಡಿದವರೆಲ್ಲ, ಎಂಥಾ ತಂದೆ ಎಂದು ಹೊಗಳುತ್ತಿದ್ದರು.

ಒಂದು ಬೇಸಿಗೆ ರಜೆಯಲ್ಲಿ ಅವರ ಗರಗಸ ತೆಗೆದುಕೊಂಡು ನಾನೇ ಒಂದು ಪುಟ್ಟ ಸ್ಟೂಲು ಮಾಡಿದೆ. ಒಂದು ಕಾಲು ಗಿಡ್ಡವಾಗಿ, ಕೂತರೆ ಟಕ್ ಟಕ್ ಎಂದು ಆಡುತ್ತಿತ್ತು. ಅಪ್ಪ ಡ್ಯೂಟಿಯಿಂದ ಬಂದವರು ತಿರುಗಿಸಿ ನೋಡಿ, ಆ ಕಾಲಿಗೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದರು. ತಮಾಷೆಗೇ ಎಳೆದಿರಬಹುದು. ನಾನು ಮಾತ್ರ ಮತ್ತೆ ಗರಗಸ ಮುಟ್ಟಲಿಲ್ಲ. ಆಮೇಲೆ ಈಜು ಕಲಿಯಲಿಲ್ಲ, ಸ್ಕೂಟರ್ ಕಲಿಯಲಿಲ್ಲ. ಮೊದಲ ಸಲವೇ ಕೈಗೆ ಬಾರದ ಯಾವುದರ ತಂಟೆಗೂ ಹೋಗಲಿಲ್ಲ.

ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಆದರೆ ಅವರು ಈ ಮನೆ ಬಿಟ್ಟು ಹೋಗಿಲ್ಲ. ಅಡುಗೆಮನೆಯಲ್ಲಿ ನನ್ನ ಕೈಯಿಂದ ಏನಾದರೂ ಚೆಲ್ಲಿದರೆ ಸಾಕು, ಬೆನ್ನ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತಂತಾಗುತ್ತದೆ. ನಾನು ತಿರುಗಿ ನೋಡುವುದಿಲ್ಲ. ನನಗೆ ಭಯ.

ನನ್ನ ಮಗಳಿಗೆ ಈಗ ಆರು ವರ್ಷ. ಈ ಸಲ ಶಾಲೆಗೆ ಲೇಸ್ ಇರುವ ಶೂ ಬಂತು. ಅಟ್ಟದಲ್ಲಿದ್ದ ಆ ಸ್ಟೂಲನ್ನು ನನ್ನಿಂದ ಕೆಳಗಿಳಿಸಿಕೊಂಡು, ದಿನಾ ಬೆಳಿಗ್ಗೆ ಅದರ ಮೇಲೆ ಕೂತು ಗಂಟು ಹಾಕುವುದು ಕಲಿಯುತ್ತಿದ್ದಳು. ಈ ಗೆರೆ ಏಕೆ ಎಂದು ಕೇಳಿದಾಗ, ಕೆಟ್ಟುಹೋದದ್ದಕ್ಕೆ ಅಜ್ಜ ಹಾಗೆ ಗುರುತು ಹಾಕುತ್ತಿದ್ದರು ಎಂದು ಹೇಳಿದ್ದೆ.

ಒಂದು ಬೆಳಿಗ್ಗೆ ಟಕ್ ಟಕ್ ಸದ್ದು ನಿಂತುಹೋಯಿತು. ಹೋಗಿ ನೋಡಿದರೆ, ಕೆಂಪು ಸ್ಕೆಚ್ ಪೆನ್ನಿನಿಂದ ತನ್ನ ಬೆರಳುಗಳ ಮೇಲೆ ಅಡ್ಡಡ್ಡ ಗೆರೆ ಎಳೆದುಕೊಂಡು ಕೂತಿದ್ದಾಳೆ.

"ಈ ಕೈಗೆ ಬರಲ್ಲ ಅಮ್ಮ. ಅಜ್ಜ ಇದ್ದಿದ್ರೂ ಹಾಕ್ತಿದ್ರು ಅಲ್ವಾ?"

ಅವಳು ನಮ್ಮಪ್ಪನನ್ನು ನೋಡಿದವಳೇ ಅಲ್ಲ. ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋದೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಆ ಕೆಂಪು ಗುಲಾಬಿ ಬಣ್ಣಕ್ಕೆ ತಿರುಗಿತೇ ಹೊರತು ಹೋಗಲಿಲ್ಲ.

ಅವತ್ತು ಸಂಜೆ ಅಪ್ಪನ ಗರಗಸ ತೆಗೆದೆ. "ನಾನೂ ಒಂದು ಕೈ ನೋಡ್ತೀನಿ, ನೀನು ನೋಡ್ತಿರು" ಎಂದು ಅವಳನ್ನು ಮೆಟ್ಟಿಲ ಮೇಲೆ ಕೂರಿಸಿದೆ. ಕೆಂಪು ಗೆರೆಯ ಕಾಲನ್ನು ಮುಟ್ಟದೆ, ಉಳಿದವನ್ನು ಅದರ ಸಮಕ್ಕೆ ತರಬೇಕು. ಒಂದನ್ನು ಕೊಯ್ದರೆ ಸ್ಟೂಲು ಈ ಕಡೆ ವಾಲಿತು, ಇನ್ನೊಂದನ್ನು ಕೊಯ್ದರೆ ಆ ಕಡೆ. ಗರಗಸ ಜಾರಿದಾಗಲೆಲ್ಲ ಬೆನ್ನ ಹಿಂದಿನಿಂದ ಬರುವ ಆ ಒಂದು ಮಾತಿಗೆ ನನ್ನ ಕಿವಿ ಕಾಯುತ್ತಿತ್ತು. ಮಗಳಿಗೆ ಮಾತ್ರ ನಗುವೋ ನಗು. "ಅಮ್ಮ, ಇನ್ನೊಂದ್ಸಲ ಮಾಡು." ಮಾಡಿದೆ. ಕತ್ತಲಾಗುವ ಹೊತ್ತಿಗೆ ಸ್ಟೂಲು ಮಣೆಯಷ್ಟು ಗಿಡ್ಡವಾಗಿತ್ತು, ಇನ್ನೂ ಸ್ವಲ್ಪ ಆಡುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಅವಳು ತಾನಾಗಿಯೇ ಹೋಗಿ ಅದರ ಮೇಲೆ ಕೂತಳು. ಗಂಟು ಬಿಚ್ಚಿಕೊಂಡಿತು, ಮತ್ತೆ ಹಾಕಿದಳು, ಮತ್ತೆ ಬಿಚ್ಚಿಕೊಂಡಿತು. ಗೇಟಿನ ಹತ್ತಿರ ಸ್ಕೂಲ್ ಆಟೋ ಹಾರ್ನ್ ಹೊಡೆಯಿತು. ನನಗೆ ಗೊತ್ತಾಗುವ ಮೊದಲೇ ನನ್ನ ಕೈ ಮುಂದೆ ಚಾಚಿತ್ತು, ಬಾಯಿಯಿಂದ ಮಾತು ಬಂದಾಗಿತ್ತು.

"ಕೊಡಿಲ್ಲಿ."

ದನಿ ನನ್ನದಾಗಿರಲಿಲ್ಲ.

ಮಗಳು ಕಾಲು ಹಿಂದಕ್ಕೆಳೆದುಕೊಂಡು, ಗುಲಾಬಿ ಗೆರೆಯ ಬೆರಳುಗಳಿಂದ ಶೂ ಮುಚ್ಚಿಕೊಂಡಳು. "ಕೊಡಲ್ಲ" ಎಂದಳು. ನನ್ನ ಮುಖ ನೋಡಿ ಹೇಳಲಿಲ್ಲ, ನನ್ನ ಭುಜದಾಚೆ ನೋಡಿ ಹೇಳಿದಳು.

ಅವತ್ತು ಮೊದಲ ಸಲ ನಾನು ತಿರುಗಿ ನೋಡಿದೆ. ಖಾಲಿ ಹಜಾರ, ಗೋಡೆಗೆ ಒರಗಿಸಿಟ್ಟ ಗರಗಸ. ಆದರೂ ಅತ್ತ ಮುಖ ಮಾಡಿಯೇ ಹೇಳಿದೆ.

"ಅಪ್ಪಾ, ಸ್ವಲ್ಪ ಇರಿ. ಅವಳೇ ಕಟ್ಕೋತಾಳೆ."