‘ಯಾರಿಗೆ ಕಳಿಸುವುದು?’ ಎಂದು ಕೇಳುವ ಇದಿನಬ್ಬ

ಬೆಳಗ್ಗೆ ಆರೂಕಾಲು ಗಂಟೆ. ಮೆಲ್ಕಾರ್ ಜಂಕ್ಷನ್ನಿನಲ್ಲಿ ಮೊದಲ ಬಸ್ಸುಗಳಿಗೆ ಜನ ಸೇರತೊಡಗಿದ್ದಾರೆ. ಇದಿನಬ್ಬ ಅವರು ತಮ್ಮ ಪುಟ್ಟ ಅಂಗಡಿಯ ಶಟರ್ ಎತ್ತಿ, ಹಾಲಿನ ಕ್ರೇಟ್ ಒಳಗೆಳೆದು, ಪೇಪರಿನ ಕಟ್ಟು ಬಿಚ್ಚುವಷ್ಟರಲ್ಲಿ ಮೊದಲ ಗಿರಾಕಿ ಬಂದಾಯಿತು. ಗೇರುಬೀಜದ ಫ್ಯಾಕ್ಟರಿಗೆ ಕೆಲಸಕ್ಕೆ ಹೋಗುವ ವಿಜೇತಾ. ಕೈಯಲ್ಲಿ ಮಡಚಿದ ನೋಟುಗಳು, ಒಂದು ಚೀಟಿ, ಚೀಟಿಯಲ್ಲಿ ಫೋನ್ ನಂಬರು.

“ಕಾಕ, ಇದಕ್ಕೆ ಐದು ಸಾವಿರ ಹಾಕಿ. ಬೇಗ ಹಾಕಿ.”

“ಯಾರಿಗೆ ಕಳಿಸುವುದು?”

“ನಿಮಗೆ ಯಾಕೆ ಅದು? ಕಮಿಷನ್ ಕೊಡ್ತೇನಲ್ಲ!”

ಇದಿನಬ್ಬರಿಗೆ ಈ ಬೈಗುಳ ಹೊಸತಲ್ಲ. ಸ್ಟೂಲು ಮುಂದಿಟ್ಟು “ಕೂತ್ಕೊಳ್ಳಿ” ಅನ್ನುತ್ತಾರೆ. ಕೂತ ಮೇಲೆ ವಿಜೇತಾ ಮೆಲ್ಲನೆ ಬಾಯಿ ಬಿಡುತ್ತಾರೆ. ನಿನ್ನೆ ಒಬ್ಬರು ಸಾರ್ ಫೋನ್ ಮಾಡಿದ್ದರು. ಎಲ್ಲಿಂದ ಸಾಲ ತೆಗೆದದ್ದು, ಎಷ್ಟು ಬಾಕಿ ಎಂಬುದೆಲ್ಲ ಅವರಿಗೆ ಸರಿಯಾಗಿ ಗೊತ್ತಿತ್ತು. ಅರ್ಧ ಸಾಲ ಮನ್ನಾ ಆಗಿದೆಯಂತೆ. ಫೈಲ್ ಚಾರ್ಜ್ ಇವತ್ತು ಹನ್ನೊಂದು ಗಂಟೆಯೊಳಗೆ ಕಟ್ಟಬೇಕಂತೆ. ಯಾರಿಗೂ ಹೇಳಬಾರದಂತೆ.

ಇದಿನಬ್ಬ ಅದೇ ನಂಬರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕುತ್ತಾರೆ. ಎರಡನೇ ರಿಂಗಿಗೇ ಆ ಕಡೆಯಿಂದ ನಯವಾದ ದನಿ: “ಸಾಲ ಪರಿಹಾರ ವಿಭಾಗದಿಂದ ಮಾತಾಡ್ತಿದ್ದೀನಿ, ಹೇಳಿ.”

“ಹಣ ತಯಾರುಂಟು. ಆಫೀಸಿಗೇ ಬಂದು ಕಟ್ತೇವೆ. ಮೆಲ್ಕಾರಿನಿಂದ ಯಾವ ಬಸ್ ಹತ್ತಬೇಕು? ಎಲ್ಲಿ ಇಳಿಯಬೇಕು?”

“ಆಫೀಸಿಗೆ ಬರೋ ಅವಶ್ಯಕತೆ ಇಲ್ಲ ಸರ್, ಆನ್‌ಲೈನ್ ಮಾತ್ರ.”

“ಆಗಲಿ. ಆಫೀಸಿನ ಎದುರು ಎಂತ ಉಂಟು, ಅದಾದರೂ ಹೇಳಿ.”

ಫೋನ್ ಕಟ್ಟಾಗುತ್ತದೆ.

“ಯಾವ ಬ್ಯಾಂಕಿನವರು ಮಾರಾಯ್ತಿ, ಬೆಳಗ್ಗೆ ಆರೂವರೆಗೆ ಫೋನ್ ತೆಗೆಯುವುದು?” ಎನ್ನುತ್ತಾ ಇದಿನಬ್ಬ ನೋಟುಗಳನ್ನು ಹಿಂದೆ ಕೊಡುತ್ತಾರೆ. ವಿಜೇತಾ ಅಳತೊಡಗುತ್ತಾರೆ. ಐದು ಸಾವಿರ ಉಳಿಯಿತೆಂಬ ಸಂತೋಷ ಆ ಮುಖದಲ್ಲಿ ಹುಡುಕಿದರೂ ಇಲ್ಲ. ನಿನ್ನೆ ಸಂಜೆಯಿಂದ ಅವರು ಅರ್ಧ ಸಾಲ ತೀರಿದ ಹೆಂಗಸಾಗಿದ್ದರು. ಈಗ ಪೂರ್ತಿ ಸಾಲ ಮರಳಿ ಹೆಗಲಿಗೆ ಬಿದ್ದಿದೆ. ಅದನ್ನು ನೋಡಿಕೊಂಡು ಪಕ್ಕದಲ್ಲಿ ನಿಲ್ಲುವುದು, ಪೇಪರಿಗೆ ಬರೆಯಲೆಂದು ಬಂದಿದ್ದ ನನಗೂ ಕಷ್ಟವಾಯಿತು.

ಇದಿನಬ್ಬರಿಗೆ ಅರವತ್ತೊಂದು ವರ್ಷ. ಸೌದಿಯಲ್ಲಿ ಹದಿನಾಲ್ಕು ವರ್ಷ ಚಹಾ ಕಾಸಿ, ಊರಿಗೆ ಬಂದು ಈ ಅಂಗಡಿ ಹಾಕಿದರು. ಹಾಲು, ಪೇಪರು, ರೀಚಾರ್ಜು, ಜೆರಾಕ್ಸು. ಫೋನಿನಲ್ಲಿ ಹಣ ಕಳಿಸಲು ಬಾರದವರು ನಗದು ತಂದು ಕೊಟ್ಟರೆ ತಮ್ಮ ಫೋನಿನಿಂದ ಕಳಿಸುತ್ತಾರೆ. ಸಾವಿರಕ್ಕೆ ಹತ್ತು ರೂಪಾಯಿ. ಮೊದಲು ದಿನಕ್ಕೆ ಎಪ್ಪತ್ತು ಜನ ಬರುತ್ತಿದ್ದರು, ಈಗ ಮೂವತ್ತು ದಾಟಿದರೆ ಹೆಚ್ಚು. ಉಳಿದವರೆಲ್ಲ ರಸ್ತೆಯಾಚೆಯ ಹೊಸ ಅಂಗಡಿಗೆ. ಅಲ್ಲಿ ಏನೂ ಕೇಳುವುದಿಲ್ಲ.

“ಹೆಂಡತಿ ಬೈತಾಳೆ. ಅಂಗಡಿ ಹಾಕಿದ್ದೋ ಪೊಲೀಸ್ ಸ್ಟೇಷನ್ ಹಾಕಿದ್ದೋ ಅಂತ ಕೇಳ್ತಾಳೆ,” ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ. ವಾರಕ್ಕೆ ಒಬ್ಬರೋ ಇಬ್ಬರೋ ವಿಜೇತಾರಂತೆ ಚೀಟಿ ಹಿಡಿದು ಬರುತ್ತಾರೆ. ಅವರಿಗೆ ಇದಿನಬ್ಬ ಹೇಳುವುದು ಇಷ್ಟೇ. ಸಾಲ ಕಡಿಮೆ ಮಾಡ್ತೇವೆ ಎನ್ನುವವರು ಮೊದಲೇ ಹಣ ಕೇಳಿದರೆ ಅದು ಮೋಸ. ಯಾರಿಗೂ ಹೇಳಬೇಡಿ ಎಂದರೆ ಖಂಡಿತ ಮೋಸ. ಸಾಲ ಕೊಟ್ಟವರ ಆಫೀಸಿಗೆ ನೀವೇ ನಡೆದುಕೊಂಡು ಹೋಗಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ಆ ನಿಮಿಷವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ ನಾಲ್ಕು ಅಂಕಿಗಳನ್ನು ರಟ್ಟಿನ ಮೇಲೆ ದಪ್ಪಗೆ ಬರೆದು ಜೆರಾಕ್ಸ್ ಮೆಷಿನ್ನಿನ ಮೇಲೆ ತೂಗುಹಾಕಿದ್ದಾರೆ.

ಇದನ್ನೆಲ್ಲ ಯಾರು ಕಲಿಸಿದರು ಎಂದು ಕೇಳಿದರೆ, “ಸಫಿಯಮ್ಮನ ಹಣ ಹೋದ ಮೇಲೆ ಕಲಿತದ್ದು,” ಎನ್ನುತ್ತಾರೆ. “ಕಳಿಸಿದ್ದು ನಾನೇ. ಈ ಬೆರಳಿನಲ್ಲೇ. ಯಾರಿಗೆ ಅಂತ ಒಂದು ಮಾತು ನಾನು ಕೇಳಲಿಲ್ಲ.” ಸಿಕ್ಕಿದವರಿಗೆಲ್ಲ ಅವರು ಹೀಗೇ ಹೇಳುತ್ತಾರೆ. ಊರಿನಲ್ಲಿ ಕೆಲವರು ಅದನ್ನೇ ಹಿಡಿದು, ಕಮಿಷನ್ ಆಸೆಗೆ ಕಳಿಸಿದ ಎಂದು ಆಡಿಕೊಂಡದ್ದೂ ಉಂಟು.

ಸಫಿಯಮ್ಮ ಬೀಡಿ ಕಟ್ಟುವವರು. ಅಂಗಡಿಯಿಂದ ಅವರ ಮನೆಗೆ ಐದು ನಿಮಿಷದ ದಾರಿ. ಮಗಳು ಜಸ್ನಾಳ ಹೆರಿಗೆ ಕಷ್ಟವಾಗಿ ಆಸ್ಪತ್ರೆಯ ಬಿಲ್ ಏರಿದಾಗ ಐದು ಹೆಂಗಸರ ಗುಂಪಿನಲ್ಲಿ ಅರವತ್ತು ಸಾವಿರ ಸಾಲ ತೆಗೆದಿದ್ದರು. ವಾರ ವಾರ ಕಂತು. ಎರಡು ವರ್ಷದ ಹಿಂದೆ ಅವರಿಗೂ ಇಂಥದ್ದೇ ಫೋನ್ ಬಂತು. ಮೂರು ಸಲವಾಗಿ ಹದಿನೆಂಟು ಸಾವಿರದ ಐನೂರು ಕಳಿಸಿದರು. ಅದಕ್ಕಾಗಿ ಮಾರಿದ್ದು ಕಿವಿಯ ಅಲಿಕತ್ತು, ಬ್ಯಾರಿ ಹೆಂಗಸರು ಕಿವಿಯ ಸುತ್ತ ಸಾಲಾಗಿ ಹಾಕಿಕೊಳ್ಳುವ ಚಿನ್ನ. ತಾಯಿಯ ಕಿವಿಯಿಂದ ಬಂದದ್ದು.

ಅಷ್ಟಕ್ಕೇ ಮುಗಿಯಲಿಲ್ಲ. ಇನ್ನು ಕಂತು ಕಟ್ಟಬೇಡಿ, ಗುಂಪಿನವರ ಜೊತೆ ಮಾತಾಡಬೇಡಿ ಎಂದೂ ಫೋನಿನವನು ಹೇಳಿದ್ದ. ಇವರು ಹಾಗೇ ಮಾಡಿದರು. ಆರು ವಾರ ಅವರ ಕಂತನ್ನು ಉಳಿದ ನಾಲ್ವರು ತಮ್ಮ ಬೀಡಿಯ ಮಜೂರಿಯಿಂದ ತುಂಬಬೇಕಾಯಿತು. ವಿಷಯ ಹೊರಗೆ ಬರುವಾಗ ತಡವಾಗಿತ್ತು. ದೂರು ಕೊಟ್ಟರೂ ಹಣ ಸಿಗಲಿಲ್ಲ. ಆ ನಾಲ್ವರ ಬಾಕಿಯನ್ನು ಸಫಿಯಮ್ಮ ಈಗ ತೀರಿಸಿದ್ದಾರೆ. ಆದರೂ ಬೀಡಿ ಕೊಡಲು ಹೋದಾಗ ಅವರು ಇವರ ಪಕ್ಕದಲ್ಲಿ ಕೂರುವುದಿಲ್ಲ. ಹದಿನಾರು ವರ್ಷ ಒಟ್ಟಿಗೆ ಕೂತು ಎಲೆ ಕತ್ತರಿಸಿದವರು.

ನಾನು ಅವರ ಮನೆಗೆ ಹೋದೆ. ಮೊರದ ಮುಂದೆ ಕೂತಿದ್ದವರು ತಲೆಯ ಬಟ್ಟೆಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡರು. ಇದಿನಬ್ಬರ ಅಂಗಡಿಗೆ ಅವರು ಈಗ ಹೋಗುವುದಿಲ್ಲ. ಹಾಲು ಬೇರೆ ಕಡೆಯಿಂದ ತರುತ್ತಾರೆ. ಸಿಟ್ಟೇ ಎಂದು ಕೇಳಿದೆ.

“ಸಿಟ್ಟು ಎಂತಕ್ಕೆ? ಆ ಮನುಷ್ಯ ಕೇಳಿದ್ದರು,” ಎಂದರು ಸಫಿಯಮ್ಮ. “ಕೇಳಲಿಲ್ಲ ಅಂತ ಊರಿಡೀ ಹೇಳಿಕೊಂಡು ತಿರುಗ್ತಾರಂತೆ. ಮೂರನೇ ಸಲ ಹೋದಾಗ ಯಾರಿಗೆ ಕಳಿಸುವುದು ಅಂತ ಕೇಳಿದ್ದರು. ತಮ್ಮನ ಮಗ ನವಾಝ್‌ನ ಕಾಲೇಜು ಫೀಸು ಅಂತ ಬಾಯಿಗೆ ಬಂದದ್ದು ಹೇಳಿದೆ. ಸುಳ್ಳು ಹೇಳಿದ್ದು ನಾನು. ಯಾವ ಮುಖ ಹೊತ್ತುಕೊಂಡು ಹೋಗಲಿ? ನೀವು ಪೇಪರಿನಲ್ಲಿ ಬರೆಯುವುದಾದರೆ ಇದನ್ನು ಬರೆಯಿರಿ. ನನ್ನ ಹೆಸರು ಹಾಕಿ, ತೊಂದರೆ ಇಲ್ಲ.”

ಮರಳಿ ಬಂದು ಇದಿನಬ್ಬರಿಗೆ ಹೇಳಿದೆ. ಯಾರದೋ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆಯುತ್ತಿದ್ದವರು ಅದನ್ನು ಮುಗಿಸಿ, ಚಿಲ್ಲರೆ ಕೊಟ್ಟು, ಗಿರಾಕಿ ಹೋಗುವವರೆಗೆ ಕಾದರು.

“ಕೇಳಿದ್ದು ಹೌದು,” ಎಂದರು ಆಮೇಲೆ. “ನವಾಝ್ ಕಾಲೇಜು ಬಿಟ್ಟು ದುಬೈಗೆ ಹೋಗಿ ಆಗ ಒಂದು ವರ್ಷ ಆಗಿತ್ತು. ಅವನ ಪಾಸ್‌ಪೋರ್ಟಿನ ಜೆರಾಕ್ಸ್ ತೆಗೆದುಕೊಟ್ಟದ್ದೇ ನಾನು. ಅವಳು ಹೇಳಿದ್ದು ಸುಳ್ಳು ಅಂತ ಅಲ್ಲೇ ಗೊತ್ತಾಯಿತು. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಎಲ್ಲರೆದುರು ಅವಳ ಮರ್ಯಾದೆ ತೆಗೆಯುವುದು ಬೇಡ ಅಂತ ಸುಮ್ಮನೆ ಹಣ ಕಳಿಸಿಬಿಟ್ಟೆ. ಕೇಳಿದ್ದೆ ಅಂತ ಹೇಳಿದರೆ ಅವಳ ಸುಳ್ಳೂ ಹೊರಗೆ ಬರ್ತದಲ್ಲ, ಅದಕ್ಕೇ ಕೇಳಲಿಲ್ಲ ಅಂತ ಹೇಳುವುದು. ಈಗ ಎಷ್ಟು ಜನ ಇದ್ದರೂ ಕೇಳ್ತೇನೆ, ಮಾರಾಯ್ರೆ. ಬೈಯುವವರು ಬೈಯಲಿ. ಅವಳೂ ಒಂದು ಸಲ ಬಂದು ಬೈದು ಹೋಗಲಿ ಅಂತ ಉಂಟು. ಬರುವುದೇ ಇಲ್ಲ.”