ಡೊಂಬಿವಲಿಯ ಸಾರಿನ ಪುಡಿಗೆ ಲಿಂಕ್ ಕೊಟ್ಟವರು

ಮದುವೆಯಾಗಿ ಮೈಸೂರಿನಿಂದ ಮುಂಬಯಿ ಹತ್ತಿರದ ಐರೋಲಿಗೆ ಬಂದ ಕೆಲವು ವರ್ಷಗಳ ಮೇಲೆ ನಾನು ಮನೆಯಲ್ಲೇ ಸಾರಿನ ಪುಡಿ, ಹುಳಿಪುಡಿ ಮಾಡಿ ಮಾರತೊಡಗಿದೆ. ಮೊದಲು ಸೊಸೈಟಿಯ ಹೆಂಗಸರು ಕೊಂಡರು, ಆಮೇಲೆ ಅವರ ನೆಂಟರಿಷ್ಟರು. ಅಂಗಡಿ ಅಂಗಡಿಗೆಲ್ಲ ವೆಬ್‌ಸೈಟ್ ಬರುತ್ತಿದ್ದ ಕಾಲ ಅದು. ನಾನೂ ನೌಪಾಡಾದಲ್ಲಿ ಸೈಟ್ ಮಾಡಿಕೊಡುವ ಒಬ್ಬ ಮರಾಠಿಯವರಿಂದ ಒಂದನ್ನು ಮಾಡಿಸಿದೆ. ತಾಮ್ರದ ತಟ್ಟೆಯಲ್ಲಿ ಪುಡಿ ಹರಡಿ, ಕಿಟಕಿಯ ಬೆಳಕಿನಲ್ಲಿ ನಾನೇ ಫೋಟೋ ತೆಗೆದಿದ್ದೆ.

ಆದರೆ ಕಂಪ್ಯೂಟರಿನಲ್ಲಿ ಸಾರಿನ ಪುಡಿ ಎಂದು ಹುಡುಕಿದರೆ ಮೊದಲು ಬರುತ್ತಿದ್ದದ್ದು ಡೊಂಬಿವಲಿಯ ಒಬ್ಬ ಹೆಂಗಸಿನ ಸೈಟ್. ಹಸಿರು ಬಣ್ಣದ ಮೇಲೆ ಹಳದಿ ಅಕ್ಷರ, ಮಸುಕು ಫೋಟೋ ಒಂದು, ಕೆಳಗೆ ಫೋನ್ ನಂಬರು, ಅಷ್ಟೇ. ನನ್ನದು ಮೂರನೆಯ ಪುಟದಲ್ಲೆಲ್ಲೋ ಬಿದ್ದಿರುತ್ತಿತ್ತು. ಬೆಳಿಗ್ಗೆ ಹಾಲು ಕಾಯಿಸುವ ಮೊದಲೇ ಹುಡುಕಿ ನೋಡುವುದು ಅಭ್ಯಾಸವಾಯಿತು.

ಕೊನೆಗೆ ನೌಪಾಡಾಕ್ಕೆ ಹೋಗಿ ಕೇಳಿದೆ. ಬೇರೆ ಬೇರೆ ಸೈಟಿನವರು ಡೊಂಬಿವಲಿಯವರ ಸೈಟಿಗೆ ಲಿಂಕ್ ಕೊಟ್ಟಿದ್ದಾರೆ, ನಿಮಗೆ ಯಾರೂ ಕೊಟ್ಟಿಲ್ಲ, ಅದಕ್ಕೇ ಅವರು ಮೇಲಿದ್ದಾರೆ ಎಂದು ಅವರು ಹಿಂದಿಯಲ್ಲಿ ವಿವರಿಸಿದರು. ಯಾರು ಕೊಟ್ಟಿದ್ದಾರೆಂದು ತಿಳಿಯಬಹುದೇ ಎಂದೆ. ಯಾರ ಸೈಟಿನದಾದರೂ ತಿಳಿಯಬಹುದು ಎಂದು, ಡೊಂಬಿವಲಿಯವರ ವಿಳಾಸವನ್ನು ಒಂದು ಕಡೆ ಟೈಪ್ ಮಾಡಿ, ಮಾನಿಟರನ್ನು ನನ್ನ ಕಡೆಗೆ ತಿರುಗಿಸಿದರು.

ಉದ್ದದ ಪಟ್ಟಿ. ಕಲ್ಯಾಣದ ಒಂದು ಕನ್ನಡ ಸಂಘ. ಠಾಣೆ ಪಟ್ಟಣದ, ಬೆಟ್ಟ ಹತ್ತುವವರ ಒಂದು ಗುಂಪು. ಅಮೆರಿಕದಲ್ಲಿರುವ ಯಾರದೋ ಅಡುಗೆ ಬ್ಲಾಗ್. ಅವುಗಳ ಕೆಳಗೆ, ರೈಲುಗಳ ಫೋಟೋ ಹಾಕುವ ಇನ್ನೊಂದು ಬ್ಲಾಗ್. ಅದು ನನ್ನ ಗಂಡನದು.

ಮನೆಗೆ ಬಂದು ಅದನ್ನು ತೆರೆದು ಓದಿದೆ. ನಮ್ಮ ಮದುವೆಗೆ ಮುಂಚೆ, ಅವರು ಡೊಂಬಿವಲಿಯಲ್ಲಿ ರೂಮು ಮಾಡಿಕೊಂಡಿದ್ದಾಗ ಬರೆದದ್ದು. ಲೋಕಲ್ ರೈಲಿನ ನೂಕುನುಗ್ಗಲಿನ ನಡುವೆ ಒಂದಿಡೀ ಪ್ಯಾರಾ ಆ ಪುಡಿಯ ಬಗ್ಗೆ. ಭಾನುವಾರ ಈ ಸಾರು ಉಂಡರೆ ಉಡುಪಿಗೆ ಹೋಗಿ ಅಮ್ಮನ ಕೈಯಿಂದ ಬಡಿಸಿಕೊಂಡಂತೆ, ಎಂದೆಲ್ಲ. ನನ್ನ ಸಾರು ಉಂಡು ಅವರು ಆವರೆಗೆ ಹೇಳಿದ್ದು "ಸರಿಯುಂಟು" ಎಂಬ ಒಂದೇ ಮಾತು.

ಅವರು ಆಫೀಸಿನಿಂದ ಬಂದ ಕೂಡಲೇ, ಆ ಹೆಂಗಸು ಯಾರೆಂದು ಕೇಳಿದೆ.

"ಅವರಿಗೆ ನನ್ನ ಅಮ್ಮನ ಪ್ರಾಯ ಮಾರಾಯ್ತಿ," ಎಂದರು. "ಆಗ ನೀನು ಎಲ್ಲಿದ್ದಿ?"

ಅದರಿಂದ ನನಗೇನೂ ಸಮಾಧಾನವಾಗಲಿಲ್ಲ. ಹರೆಯದವಳಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಆ ಲಿಂಕ್ ತೆಗೆದುಹಾಕಿ ಎಂದೆ. ಬರೆದದ್ದು ಸುಳ್ಳಲ್ಲವಲ್ಲ, ಯಾಕೆ ತೆಗೆಯಬೇಕು ಎಂದು ಅವರು ಕೈತೊಳೆಯಲು ಹೋದರು.

ಪಕ್ಕದ ಘಣಸೋಲಿಯಲ್ಲಿದ್ದ ಗೆಳತಿಯ ವಿಳಾಸ ಕೊಟ್ಟು ಆ ಪುಡಿಯ ಒಂದು ಪೊಟ್ಟಣ ತರಿಸಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಸಾರು ಮಾಡಿದೆ. ಕೊಬ್ಬರಿ ಎಣ್ಣೆಯಲ್ಲಿ ಹುರಿದ ಕೊತ್ತಂಬರಿ, ಕರಿಬೇವು, ಮೆಂತ್ಯ, ಎಲ್ಲ ಹದವಾಗಿತ್ತು. ಕೆಟ್ಟದಾಗಿರಲಿ ಎಂದು ಹಾರೈಸುತ್ತಲೇ ಎರಡನೆಯ ಸಲ ಬಡಿಸಿಕೊಂಡೆ. ಗಂಡನಿಗೆ ತಿಳಿಯಬಾರದೆಂದು ಪಾತ್ರೆ ಖಾಲಿಮಾಡಿ, ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಆದರೂ ಅವರು ಚಪ್ಪಲಿ ಬಿಡುತ್ತಲೇ, ಇವತ್ತೇನು ಘಮ ಎಂದು ಕೇಳಿದರು. ಪಕ್ಕದ ಮನೆಯದಿರಬೇಕು ಎಂದೆ.

ಒಂದು ವಾರ ನಾನು ಸರಿಯಾಗಿ ಮಾತಾಡದ್ದನ್ನು ನೋಡಿ ಅವರು ತಾವಾಗಿಯೇ ಬ್ಲಾಗಿನಲ್ಲಿ ನನ್ನ ಸೈಟಿಗೂ ಲಿಂಕ್ ಹಾಕಿದರು. ನೋಡು ಎಂದು ಕರೆದು ತೋರಿಸಿದರು. ಆ ಪ್ಯಾರಾದ ಕೆಳಗೆ ಒಂದು ಸಾಲಿತ್ತು: ನನ್ನ ಹೆಂಡತಿಯೂ ಪುಡಿ ಮಾಡುತ್ತಾಳೆ.

ಹೆಂಡತಿಯೂ. ಆ 'ಯೂ'ವನ್ನು ನಾನು ಮತ್ತೆ ಮತ್ತೆ ಓದಿದೆ.

"ಇನ್ನೊಂದೆರಡು ಮಾತು ಬರೀಬಾರದಿತ್ತೇನ್ರೀ?"

"ಹೆಂಡತಿಯ ಪುಡಿಯನ್ನು ಗಂಡ ಹೊಗಳಿದರೆ ಯಾರು ನಂಬ್ತಾರೆ?"

ಅವರ ಮಾತು ಸರಿಯೇ ಇತ್ತು. ಅದೂ ಸಿಟ್ಟು ತರಿಸಿತು.

ಆಮೇಲೆ ಆಕೆಗೆ ಲಿಂಕ್ ಕೊಟ್ಟಿದ್ದ ಉಳಿದವರಿಗೆ ನಾನೇ ಬರೆದೆ. ಬೆಟ್ಟ ಹತ್ತುವವರಿಗೆ ಚಟ್ನಿಪುಡಿ ಕಳಿಸಿದೆ. ಅವರು ತಿಂದು, ಥ್ಯಾಂಕ್ಸ್ ಹೇಳಿ, ಲಿಂಕ್ ಮಾತ್ರ ಹಾಕಲಿಲ್ಲ. ಸಂಘದವರು, ಡೊಂಬಿವಲಿಯವರು ನಮಗೆ ಹಳೇ ಪರಿಚಯ, ನೋಡೋಣ ಎಂದರು.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಡೊಂಬಿವಲಿಯ ಸೈಟ್ ತೆರೆಯಲಿಲ್ಲ. ಮರುದಿನವೂ ಇಲ್ಲ. ಆಕೆ ಮಂಡಿನೋವಿನಿಂದ ಪುಡಿ ಮಾಡುವುದನ್ನು ನಿಲ್ಲಿಸಿದ್ದಾರೆಂದು ಸಂಘದವರಿಂದ ತಿಳಿಯಿತು. ಅಯ್ಯೋ ಎಂದೆ. ಅದೇ ವಾರ ಎಲ್ಲರಿಗೂ ಪತ್ರ ಬರೆದೆ: ನಿಮ್ಮ ಪುಟದ ಲಿಂಕ್ ಈಗ ಎಲ್ಲಿಗೂ ಹೋಗುವುದಿಲ್ಲ, ಅಲ್ಲಿ ನನ್ನ ಸೈಟಿನ ವಿಳಾಸ ಹಾಕಬಹುದೇ? ಈ ಸಲ ಬಹಳ ಮಂದಿ ಹಾಕಿದರು. ಮಳೆಗಾಲ ಮುಗಿಯುವಷ್ಟರಲ್ಲಿ ನಾನು ಮೊದಲ ಪುಟಕ್ಕೆ ಬಂದೆ. ಫೋನುಗಳೂ ಹೆಚ್ಚಿದವು.

ಒಂದು ಮಧ್ಯಾಹ್ನ ಮುಲುಂಡಿನಿಂದ ಒಬ್ಬ ಹೆಂಗಸು ಫೋನ್ ಮಾಡಿ ಅರ್ಧ ಕಿಲೋ ಸಾರಿನ ಪುಡಿ ಬೇಕೆಂದರು. ನಾನು ವಿಳಾಸ ಬರೆದುಕೊಳ್ಳುತ್ತಿದ್ದೆ.

"ಇದು ಆ ಡೊಂಬಿವಲಿ ಆಂಟೀದೇ ಅಲ್ವಾ?" ಎಂದು ಅವರು ಕೇಳಿದರು.

ಅಲ್ಲ, ಐರೋಲಿಯದು ಎಂದೆ.

"ಹಾಗಾದ್ರೆ ಮೊದಲು ಕಾಲು ಕಿಲೋ ಕಳಿಸಿ, ನೋಡ್ತೀನಿ," ಎಂದರು.