ವೇದವಲ್ಲಿಯ ಅರ್ಧ ಫೈನಲ್

ಟೋಕಿಯೋದ ನಿಶಿ ಕಸಾಯಿ ಬಡಾವಣೆಯ ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡ ಸೇರಿದಾಗ ವೇದವಲ್ಲಿಗೆ ನಲವತ್ತೈದು ದಾಟಿತ್ತು. ಮಂಡಿನೋವು ಅವಳಿಗಿಂತ ಮೊದಲೇ ಸೇರಿಕೊಂಡಿತ್ತು ಬಿಡಿ. ಅದು ತೊಂಬತ್ತೊಂಬತ್ತನೆಯ ಇಸವಿ. ಎರಡು ಸಾವಿರ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ಮೂರ್ಛೆ ಹೋಗುತ್ತವೆಂದು ಜಗತ್ತೇ ಹೆದರಿದ್ದ ಕಾಲ. ಕೋಬಾಲ್ ಎಂಬ ಹಳೇ ಕಂಪ್ಯೂಟರ್ ಭಾಷೆ ಬಲ್ಲ ಅವಳ ಗಂಡ ರಾಮಪ್ರಸಾದನನ್ನು ಕಂಪನಿ ಬೆಂಗಳೂರಿನಿಂದ ಧೂಳು ಕೊಡವಿ ಟೋಕಿಯೋಗೆ ಕಳಿಸಿತ್ತು.

“ಮಾಮಾಸಾನ್ ಟೀಮ್ ಅಂತೆ ರೀ, ಸೇರ್ಕೊಂಡೆ.”

“ಮಾವಂದಿರ ಟೀಮಲ್ಲಿ ನಿನಗೇನೇ ಕೆಲ್ಸ?”

“ಇಲ್ಲಿ ಮಾಮಾ ಅಂದ್ರೆ ಅಮ್ಮ ಕಣ್ರೀ!”

ಅವಳಿಗೆ ಬೇಕಾಗಿದ್ದದ್ದು ಕಪ್ಪಲ್ಲ. ಜೀವನದಲ್ಲಿ ಒಂದೇ ಒಂದು ಫೈನಲ್ಲನ್ನು ಕೊನೆಯ ಸೀಟಿಯವರೆಗೆ ಆಡಬೇಕಿತ್ತು. ಮೈಸೂರಿನಲ್ಲಿ ಅವಳು ಓದುವಾಗ ಕಾಲೇಜು ಹುಡುಗಿಯರಿಗೂ ಚಾಂಪಿಯನ್‌ಶಿಪ್ ಇಡುವ ಬುದ್ಧಿ ದೊಡ್ಡವರಿಗೆ ಆಗಷ್ಟೇ ಬಂದಿತ್ತು. ಬುದ್ಧಿ ಬಂತೇ ಹೊರತು ಅಂಗಳ ಬರಲಿಲ್ಲ. ಹುಡುಗರ ಪಂದ್ಯಗಳ ಸಂದಿಯಲ್ಲಿ ಆಡಬೇಕು. ಲಂಗದ ಕೆಳಗೆ ಅಣ್ಣಂದಿರ ಪೈಜಾಮ ತೊಟ್ಟು ಹಾಗೂ ಹೀಗೂ ಫೈನಲ್ ತಲುಪಿದರು. ನಾಯಕಿ ಶಾರದಾ ಒಂದು ವರ್ಷ ದೊಡ್ಡವಳು. ಚೆಂಡು ಸಿಕ್ಕವರು “ಬಾಕ್ಕಾ!” ಎಂದು ಕೂಗಿದರೆ ಸಾಕು, ಬುಟ್ಟಿಯ ಕೆಳಗೆ ಹಾಜರಾಗುತ್ತಿದ್ದಳು. ಎರಡನೆಯ ಅರ್ಧ ಶುರುವಾಗಿತ್ತಷ್ಟೇ, ಹುಡುಗರ ತಂಡ ಬಂದು ಬಾಗಿಲಲ್ಲಿ ನಿಂತಿತು. ವ್ಯವಸ್ಥಾಪಕರು ಸೀಟಿ ಊದಿ, “ಸಾಕ್ರಮ್ಮ, ಚೆನ್ನಾಗಿ ಆಡಿದ್ರಿ. ಕಪ್ಪು ಇಬ್ಬರಿಗೂ ಆರಾರು ತಿಂಗಳು” ಎಂದುಬಿಟ್ಟರು. ಅವರ ತಲೆ! ಗೆದ್ದೆವೆಂದು ಕುಣಿಯುವಂತಿಲ್ಲ, ಸೋತೆವೆಂದು ಅಳುವಂತಿಲ್ಲ. ಆ ಸಿಟ್ಟು ಮದುವೆಯಾದರೂ ಇಳಿದಿರಲಿಲ್ಲ.

ಈಗಿನ ನಾಯಕಿ ಮೊರಿತಾ-ಸಾನ್‌ಗೆ ಅರವತ್ತರ ಹತ್ತಿರ, ಓಟ ಮಾತ್ರ ಇಪ್ಪತ್ತರದ್ದು. ಒಂದು ದಿನ ಅಭ್ಯಾಸದಲ್ಲಿ ಚೆಂಡು ವೇದವಲ್ಲಿಯ ಕೈಯಲ್ಲಿತ್ತು, ಮೊರಿತಾ-ಸಾನ್ ಬುಟ್ಟಿಯ ಹತ್ತಿರ ಒಂಟಿಯಾಗಿದ್ದರು. ವೇದವಲ್ಲಿಯ ಹಳೇ ಗಂಟಲು ತಾನಾಗಿ ತೆರೆಯಿತು: “ಬಾಕ್ಕಾ!”

ಇಡೀ ಜಿಮ್ ತಿರುಗಿ ನೋಡಿತು. ಮೊರಿತಾ-ಸಾನ್ ಸಣ್ಣಗೆ ತಲೆಬಾಗಿದರು. ಅಂದಿನಿಂದ ವೇದವಲ್ಲಿಗೆ ಒಂದು ಪಾಸೂ ಇಲ್ಲ. ಇಂಗಿನ ವಾಸನೆ ಹಿಡಿಸಲಿಲ್ಲವೇನೋ ಎಂದು ಪಾಪ, ಒಗ್ಗರಣೆಗೆ ಇಂಗು ಹಾಕುವುದನ್ನೇ ಬಿಟ್ಟಳು. ಆದರೂ ಚೆಂಡು ಬರಲಿಲ್ಲ. ತಂಡ ತಲುಪಿದ್ದ ವಾರ್ಡು ಪಂದ್ಯಾವಳಿಯ ಫೈನಲ್ ಹತ್ತಿರವಾಗುತ್ತಿತ್ತು, ಬೆಂಚೇ ಗತಿಯೆಂದು ಅವಳು ಕುಗ್ಗಿಹೋದಳು.

ಸಪ್ಪೆ ಸಾರು ಉಣ್ಣುತ್ತಾ ರಾಮಪ್ರಸಾದ ಕೇಳಿದ, “ಅಲ್ವೇ, ಅಷ್ಟಕ್ಕೂ ಏನಂದೆ ಅವರಿಗೆ?”

“ಬಾಕ್ಕಾ ಅಂದೆ. ಮರ್ಯಾದೆಯಾಗೇ ಕರೆದೆ.”

ಅವನಿಗೆ ಸಾರು ನೆತ್ತಿಗೇರಿತು. “ಅಯ್ಯೋ ಪುಣ್ಯಾತ್ಗಿತ್ತಿ! ಸರ್ವರ್ ಕೆಟ್ರೆ ನಮ್ಮ ಆಫೀಸಲ್ಲಿ ಅದನ್ನೇ ಬೈಯೋದು. ಬಾಕಾ ಅಂದ್ರೆ ಮುಠ್ಠಾಳ!”

ಮರುದಿನ ವೇದವಲ್ಲಿ ಮೊರಿತಾ-ಸಾನ್ ಮುಂದೆ ಸೊಂಟ ಹಿಡಿಯುವಷ್ಟು ಬಗ್ಗಿದಳು. ಸುಮಿಮಾಸೆನ್, ಸುಮಿಮಾಸೆನ್, ತಪ್ಪಾಯ್ತು ಕ್ಷಮಿಸಿ. ‘ಬಾ’ ಎಂದರೆ ಬನ್ನಿ, ‘ಅಕ್ಕ’ ಎಂದರೆ ನಿಮ್ಮ ಓನೇಸಾನ್, ಎಂದು ಹರಕು ಜಪಾನಿಯಲ್ಲಿ ವಿವರಿಸಿದಳು. ಮೊರಿತಾ-ಸಾನ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಹಾಯ್” ಎಂದರು, ಅಷ್ಟೇ. ಆ ಊರಲ್ಲಿ ‘ಹಾಯ್’ ಎಂದರೆ ಹೌದು ಎಂದೋ, ಕೇಳಿಸಿತು ಎಂದೋ, ದೇವರೇ ಬಲ್ಲ.

ಡಿಸೆಂಬರಿನಲ್ಲಿ ಫೈನಲ್ ನಡೆಯಿತು. ಕೊನೆಗೂ ಅವಳನ್ನು ಇಳಿಸಿದರು. ಒಂದು ಬುಟ್ಟಿಯಷ್ಟು ಹಿಂದಿದ್ದರು, ಇನ್ನೇನು ಮುಗಿಯಬೇಕು, ಆಗ ಬಾಗಿಲು ಸರಿಯಿತು. ಮುಂದಿನ ಪಾಳಿಯ ವಾಲಿಬಾಲ್ ಗಂಡಸರು! ವೇದವಲ್ಲಿಯ ಕಾಲು ಅಲ್ಲೇ ನಿಂತುಬಿಟ್ಟಿತು. ಆಯ್ತು, ಈಗ ಊದ್ತಾರೆ, ಎಂದುಕೊಂಡಳು. ಗಂಡಸರು ಸದ್ದಿಲ್ಲದೆ ಶೂ ಬಿಚ್ಚಿ ಗೋಡೆಗೊರಗಿ ಕೂತರು. ಯಾರೂ ಊದಲಿಲ್ಲ.

“ಬಾಕ್ಕಾ!”

ಚೆಂಡು ಹಿಡಿದು ಕೂಗುತ್ತಿದ್ದವರು ಮೊರಿತಾ-ಸಾನ್. ಕರೆದರೋ, ಕಂಬದಂತೆ ನಿಂತಿದ್ದಕ್ಕೆ ಬೈದರೋ? ಎರಡೂ ಇರಬಹುದು. ವೇದವಲ್ಲಿ ಮಂಡಿ ಮರೆತು ಓಡಿದಳು, ಚೆಂಡು ಹಿಡಿದಳು, ಹಾರಿದಳು. ಚೆಂಡು ಬುಟ್ಟಿಯ ಬಳೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೊರಗೆ ಬಿತ್ತು. ಉದ್ದನೆಯ ಸೀಟಿ ಕೇಳಿಸಿತು.

ಅವಳು ಅಂಗಳದ ನಡುವೆ ಕೂತು ಗೊಳೋ ಎಂದು ಅತ್ತಳು. ಮೊರಿತಾ-ಸಾನ್ ಗಾಬರಿಯಿಂದ ಬೆನ್ನು ಸವರುತ್ತಿದ್ದರೆ, ಅಳುತ್ತಲೇ ನಗತೊಡಗಿದಳು. ಆಮೇಲೆ ಜಿಮ್ಮಿನ ಹಸಿರು ಬಣ್ಣದ ಸಾರ್ವಜನಿಕ ಫೋನಿನಿಂದ ಗಂಡನ ಆಫೀಸಿಗೆ ಫೋನ್ ಮಾಡಿದಳು.

“ರೀ, ಸೋತ್ವಿ! ಪೂರ್ತಿ ಸೋತ್ವಿ ರೀ!”